ಆಟಗಾರರು ಕಡಿಮೆ ಇರುವಾಗ ಪಂದ್ಯ ಕೂಡಿಸುವ ಕೆಲಸ

ಆನ್‌ಲೈನ್ ಶೂಟರ್ ಆಟವೊಂದರ ಸರ್ವರ್‌ಗಳನ್ನು ನೋಡಿಕೊಳ್ಳುವ ಸಣ್ಣ ತಂಡದಲ್ಲಿ ನಾನು ದಾವಣಗೆರೆಯಿಂದಲೇ ಕೆಲಸ ಮಾಡುತ್ತೇನೆ. ಮ್ಯಾಚ್‌ಮೇಕಿಂಗ್ ತಾನಾಗಿ ಆಟಗಾರರನ್ನು ಕೂಡಿಸಬೇಕೋ, ಅಥವಾ ಅವರೇ ಪಟ್ಟಿ ನೋಡಿ ತಮಗೆ ಬೇಕಾದ ಡೆಡಿಕೇಟೆಡ್ ಸರ್ವರ್ (ಪಂದ್ಯ ನಡೆಸಲೆಂದೇ ಮೀಸಲಾದ ಯಂತ್ರ) ಸೇರಬೇಕೋ ಎಂಬ ಚರ್ಚೆ ನಮ್ಮಲ್ಲಿ ಮತ್ತೆ ಮತ್ತೆ ಏಳುತ್ತದೆ. ಆಟಗಾರರ ಸಂಖ್ಯೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇದಕ್ಕೆ ಉತ್ತರ ಹೇಳಲಾಗದು ಎಂಬುದು ಈ ಕೆಲಸದಿಂದ ನಾನು ಕಲಿತದ್ದು.

ಗಂಟೆಗೆ 240 ಮಂದಿ ಆಡಲು ಬರುತ್ತಾರೆ ಎಂದುಕೊಳ್ಳೋಣ. ನಿಮಿಷಕ್ಕೆ ನಾಲ್ವರಂತೆ, ಐವರ ಎರಡು ತಂಡಗಳಿಗೆ ಬೇಕಾದ ಹತ್ತು ಮಂದಿ ಎರಡೂವರೆ ನಿಮಿಷದಲ್ಲಿ ಸೇರುತ್ತಾರೆ. ಅದೇ ಸರತಿಯನ್ನು ಮೂರು ಬಗೆಯ ಆಟ, ಮೂರು ಕೌಶಲ್ಯದ ಹಂತ ಎಂದು ಒಂಬತ್ತು ಪಾಲು ಮಾಡಿದರೆ, ಎಲ್ಲ ಪಾಲುಗಳಿಗೂ ಜನ ಸಮನಾಗಿ ಹಂಚಿಹೋದರೂ, ಪಂದ್ಯ ಕೂಡಲು 22 ನಿಮಿಷಕ್ಕೂ ಹೆಚ್ಚು ಬೇಕು. ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ. ಒಬ್ಬರು ಎದ್ದು ಹೋದಂತೆ ಉಳಿದವರ ಕಾಯುವಿಕೆ ಇನ್ನೂ ಬೆಳೆಯುತ್ತದೆ. ಹೊಸ ಬಗೆಯ ಆಟವೊಂದನ್ನು ಸೇರಿಸಿದರೆ ಜನ ಹೆಚ್ಚುತ್ತಾರೆ ಎಂಬ ನಂಬಿಕೆ ಸಣ್ಣ ಆಟಗಳಲ್ಲಿ ಬಹಳ ಸಲ ತಿರುಗುಮುರುಗಾಗುವುದು ಈ ಕಾರಣದಿಂದಲೇ.

ಸರತಿ ಖಾಲಿಯಾದಾಗ ಮ್ಯಾಚ್‌ಮೇಕಿಂಗ್ ದೂರದವರನ್ನು ಎಳೆದು ತರುತ್ತದೆ. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುವುದರಿಂದ, ಪ್ರತಿ 100 ಕಿಲೋಮೀಟರ್ ದೂರಕ್ಕೆ ಹೋಗಿಬರಲು ಒಂದು ಮಿಲಿಸೆಕೆಂಡ್ ಬೇಕೇ ಬೇಕು. ದಾವಣಗೆರೆಯಿಂದ ಮುಂಬೈಗೆ ನೇರ ದೂರ ಸುಮಾರು 600 ಕಿಲೋಮೀಟರ್. ಸಿಂಗಾಪುರಕ್ಕೆ 3,000 ಕಿಲೋಮೀಟರಿಗೂ ಹೆಚ್ಚು. ಕೇಬಲ್ಲಿನ ಸುತ್ತುದಾರಿಯೂ ರೌಟರ್‌ಗಳ ವಿಳಂಬವೂ ಸೇರಿದರೆ ನಿಜವಾದ ಪಿಂಗ್, ಅಂದರೆ ಸಂದೇಶ ಸರ್ವರ್‌ಗೆ ಹೋಗಿಬರುವ ಹೊತ್ತು, ಈ ಲೆಕ್ಕಕ್ಕಿಂತ ಸಾಕಷ್ಟು ಮೇಲಿರುತ್ತದೆ. ವಿಳಂಬವನ್ನು ಸರಿದೂಗಿಸಲು ಸರ್ವರ್, ಗುಂಡು ಹಾರಿಸಿದವನ ಪರದೆಯಲ್ಲಿ ಎದುರಾಳಿ ಆಗ ಎಲ್ಲಿದ್ದನೋ ಆ ಕ್ಷಣಕ್ಕೆ ಹಿಂದೆ ಹೋಗಿ ಪರಿಶೀಲಿಸುತ್ತದೆ. ಆಗಲೇ ಗೋಡೆಯ ಮರೆಗೆ ಸರಿದಿದ್ದವನಿಗೆ ಇದು ಶುದ್ಧ ಅನ್ಯಾಯವಾಗಿ ಕಾಣುತ್ತದೆ, ಮತ್ತು ಅವನ ಸಿಟ್ಟು ನ್ಯಾಯವಾದದ್ದೇ.

ಹಾಗಾದರೆ ಆಟಗಾರರಲ್ಲೇ ಒಬ್ಬರ ಯಂತ್ರವನ್ನೇ ಹೋಸ್ಟ್, ಅಂದರೆ ಆ ಪಂದ್ಯದ ಸರ್ವರ್, ಮಾಡಬಹುದಲ್ಲವೇ ಎಂದು ಕೇಳುವವರಿದ್ದಾರೆ. 2004ರ ಹೇಲೋ 2 ಎಂಬ ಆಟ ಆ ದಾರಿಯಲ್ಲೇ ಮ್ಯಾಚ್‌ಮೇಕಿಂಗನ್ನು ಜನಪ್ರಿಯಗೊಳಿಸಿತು. ಆದರೆ ಹೋಸ್ಟ್ ಆದವನಿಗೆ ವಿಳಂಬವೇ ಇಲ್ಲ, ಅವನು ಹೊರಟರೆ ಪಂದ್ಯಕ್ಕೇ ಅಡ್ಡಿಯಾಗುತ್ತದೆ. ನಮ್ಮ ಊರಿನ ಕಾಲೇಜು ಹುಡುಗರಲ್ಲಿ ಅನೇಕರು ಮೊಬೈಲ್ ಡೇಟಾದಿಂದ ಲ್ಯಾಪ್‌ಟಾಪಿಗೆ ಹಾಟ್‌ಸ್ಪಾಟ್ ಕೊಟ್ಟು ಆಡುತ್ತಾರೆ. ಅಲ್ಲಿ ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕರು ಹಂಚಿಕೊಂಡಿರುವುದರಿಂದ, ಹೊರಗಿನವರು ನೇರವಾಗಿ ಅವರ ಯಂತ್ರವನ್ನು ತಲುಪುವುದೇ ಕಷ್ಟ. 2009ರಲ್ಲಿ ಮಾಡರ್ನ್ ವಾರ್‌ಫೇರ್ 2 ಆಟದ ಪಿಸಿ ಆವೃತ್ತಿಯಿಂದ ಡೆಡಿಕೇಟೆಡ್ ಸರ್ವರ್‌ಗಳನ್ನು ಕೈಬಿಟ್ಟಾಗ ಆಟಗಾರರು ಅಷ್ಟು ಜೋರಾಗಿ ಪ್ರತಿಭಟಿಸಿದ್ದು ಸುಮ್ಮನೆ ಅಲ್ಲ.

ಸರ್ವರ್ ಪಟ್ಟಿಯಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಪರಿಚಯಕ್ಕೆ. ದಿನವೂ ರಾತ್ರಿ ಅದೇ ಸರ್ವರ್‌ಗೆ ಬರುವವರು ಒಬ್ಬರನ್ನೊಬ್ಬರು ಗುರುತು ಹಿಡಿಯುತ್ತಾರೆ, ಮೋಸ ಮಾಡಿದವನನ್ನು ಆ ಸರ್ವರ್ ನೋಡಿಕೊಳ್ಳುವ ಅಡ್ಮಿನ್ ಅಲ್ಲೇ ಹೊರಹಾಕುತ್ತಾನೆ, ನಾಲ್ವರೇ ಇದ್ದರೂ ಆಟ ಶುರುವಾಗುತ್ತದೆ. ಹೊಸಬನಿಗೆ ಮಾತ್ರ ಆ ಪಟ್ಟಿ ಗೊಂದಲ. ಯಾವುದನ್ನು ಆರಿಸಬೇಕೆಂದು ತಿಳಿಯದೆ, ಹೋದಲ್ಲಿ ಪಳಗಿದವರ ಕೈಗೆ ಸಿಕ್ಕಿ ಸೋತು, ಅವನು ಮರಳಿ ಬರುವುದಿಲ್ಲ. ಅವನಿಗಾಗಿ ಮ್ಯಾಚ್‌ಮೇಕಿಂಗ್ ಇರಲೇಬೇಕು.

ಆದ್ದರಿಂದ ನಮ್ಮ ತಂಡ ಎರಡನ್ನೂ ಒಂದೇ ಸರತಿಗೆ ಜೋಡಿಸಿದೆ. ಆಡು ಎಂಬ ಗುಂಡಿ ಒತ್ತಿದವರನ್ನು, ಖಾಲಿ ಜಾಗವಿರುವ, ಮೂಲ ನಿಯಮಗಳನ್ನೇ ಪಾಲಿಸುವ ಹತ್ತಿರದ ಡೆಡಿಕೇಟೆಡ್ ಸರ್ವರ್‌ಗೆ ಮೊದಲು ಕಳುಹಿಸುತ್ತೇವೆ. ನಿಯಮ ಬದಲಿಸಿಕೊಂಡ ಸರ್ವರ್‌ಗಳು ಪಟ್ಟಿಯಲ್ಲಿ ಮಾತ್ರ ಸಿಗುತ್ತವೆ. ರ‍್ಯಾಂಕ್ ಪಂದ್ಯಗಳು ನಮ್ಮ ಸ್ವಂತ ಸರ್ವರ್‌ಗಳಲ್ಲಷ್ಟೇ ನಡೆಯುತ್ತವೆ, ಏಕೆಂದರೆ ಬೇರೆಯವರ ಯಂತ್ರದಿಂದ ಬಂದ ಫಲಿತಾಂಶವನ್ನು ನಂಬಿ ಅಂಕ ಕೊಡಲಾಗದು. ಕಾಯುವ ಹೊತ್ತು ಹೆಚ್ಚಾದಾಗ ಕೌಶಲ್ಯದ ಅಂತರವನ್ನು ಹಂತಹಂತವಾಗಿ ಸಡಿಲಿಸುತ್ತೇವೆ. ಪಿಂಗ್ ಮಿತಿಯನ್ನು ಸಡಿಲಿಸುವುದಿಲ್ಲ. ತನಗಿಂತ ಚೆನ್ನಾಗಿ ಆಡಿದವನ ಎದುರು ಸೋತವನು ಇನ್ನೊಂದು ಪಂದ್ಯಕ್ಕೆ ನಿಲ್ಲುತ್ತಾನೆ, ಪಿಂಗ್‌ನಿಂದ ಸೋತವನು ಆಟವನ್ನೇ ಅಳಿಸಿಹಾಕುತ್ತಾನೆ.