72 ಸಾವಿರದ ಲ್ಯಾಪ್‌ಟಾಪ್

ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಹಳೇ ಲ್ಯಾಪ್‌ಟಾಪ್ ಕೊಂಡು ಮಾರುವ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ರಿಪೇರಿ ಕಲಿಯೋಕೆ ಎರಡು ವರ್ಷ ಸಾಕಾಯಿತು. ರೇಟು ಹೇಳೋದು ಕಲಿಯೋಕೆ ಅದಕ್ಕಿಂತ ಎಷ್ಟೋ ಜಾಸ್ತಿ ಹಿಡಿಯಿತು.

2025ರ ದೀಪಾವಳಿ ಕಳೆದ ಮೇಲೆ ಒಬ್ಬ ರಿಟೈರ್ಡ್ ಮೇಷ್ಟ್ರು ಬಂದರು. ಹಳೇ ಪಂಚೆಯಲ್ಲಿ ಸುತ್ತಿದ ಲ್ಯಾಪ್‌ಟಾಪ್, ಜೊತೆಗೆ 2014ರ ಬಿಲ್. 72 ಸಾವಿರ. ಮಗನ ಇಂಜಿನಿಯರಿಂಗ್‌ಗೆ ಅಂತ ಪಿ.ಎಫ್‌. ಸಾಲ ತೆಗೆದು ಕೊಡಿಸಿದ್ದಂತೆ. "ಐ7 ಕಣಪ್ಪಾ. ಒಂದು ಗೀರೂ ಇಲ್ಲ ನೋಡು. ಅರ್ಧ ಬೆಲೆ ಬೇಡ, 30 ಸಾವಿರ ಕೊಡು ಸಾಕು" ಅಂದರು.

ಕೆಲಸಕ್ಕೆ ಸೇರಿದ ಹೊಸದರಲ್ಲಾಗಿದ್ದರೆ "ಐದು ಸಾವಿರ ಬರುತ್ತೆ ಸಾರ್" ಅಂತ ಒಂದೇ ಮಾತಲ್ಲಿ ಮುಗಿಸುತ್ತಿದ್ದೆ. ಹಾಗೆ ಹೇಳಿದಾಗಲೆಲ್ಲ ಜನ ಮುಖ ಸಿಂಡರಿಸಿಕೊಂಡು ಎದ್ದು ಹೋಗುತ್ತಿದ್ದರು. ಇವನು ಮೋಸ ಮಾಡೋಕೆ ನೋಡ್ತಿದ್ದಾನೆ ಅಂತಲೇ ಅವರಿಗೆ ಅನ್ನಿಸುತ್ತಿತ್ತು. ಅನ್ನಿಸದೆ ಏನಾಗುತ್ತೆ? ಅವರ ಕಣ್ಣ ಮುಂದಿರೋದು ಬಿಲ್. ನನ್ನ ಕಣ್ಣಿಗೆ ಕಾಣೋದು ಒಳಗಿನ ಮಾಲು. ಅದನ್ನು ಅವರಿಗೆ ನಾನು ತೋರಿಸಿಯೇ ಇರುತ್ತಿರಲಿಲ್ಲ.

ಈಗ ಮೊದಲು ಬಿಚ್ಚುತ್ತೇನೆ, ರೇಟು ಆಮೇಲೆ. ಮೇಷ್ಟ್ರನ್ನು ಸ್ಟೂಲಿನ ಮೇಲೆ ಕೂರಿಸಿ ಅವರ ಎದುರಿಗೇ ಸ್ಕ್ರೂ ತೆಗೆದೆ. ಟಚ್‌ಪ್ಯಾಡ್ ಒಂದು ಕಡೆ ಯಾಕೆ ಎದ್ದಿತ್ತು ಅಂತ ಹಿಂಬದಿ ಮುಚ್ಚಳ ತೆಗೆದಾಗ ಗೊತ್ತಾಯಿತು. ಬ್ಯಾಟರಿಯ ಒಂದು ಮಗ್ಗುಲು ಪೂರಿ ಹಾಗೆ ಉಬ್ಬಿತ್ತು. "ಇದನ್ನ ಒತ್ತಬೇಡಿ ಸಾರ್, ತೂತಾದ್ರೆ ಬೆಂಕಿ ಹತ್ತುತ್ತೆ" ಅಂತ ಮೊದಲು ಅದನ್ನು ತೆಗೆದು ಬೇರೆ ಇಟ್ಟೆ. ಹಾರ್ಡ್ ಡಿಸ್ಕ್ ಹಳೇ ತಿರುಗುವ ಜಾತಿಯದು. ಆಮೇಲೆ ಪ್ರೊಸೆಸರ್, ಅಂದರೆ ಲ್ಯಾಪ್‌ಟಾಪ್‌ನ ಮೆದುಳಿನಂಥ ಚಿಪ್, ಅದರ ನಂಬರ್ ತೋರಿಸಿದೆ. ಐ7-4510ಯು. ಗೆರೆ ಆದಮೇಲಿನ 4 ಇದೆಯಲ್ಲ, ಅದು ನಾಲ್ಕನೇ ತಲೆಮಾರು ಅಂತ. ಒಳಗಿರೋದು ಎರಡೇ ಕೋರ್, ಅಂದರೆ ಲೆಕ್ಕ ಮಾಡುವ ಭಾಗ ಎರಡೇ. ಎಂಟನೇ ತಲೆಮಾರಿನ ಐ5-8250ಯು ಹೆಸರಲ್ಲಿ ಕಮ್ಮಿ ಅನ್ನಿಸಿದರೂ ಅದರಲ್ಲಿ ನಾಲ್ಕು ಕೋರ್ ಇದೆ. ವಿಂಡೋಸ್ 11 ಕೂಡ ಇಂಟೆಲ್ ಕಂಪನಿಯ ಈ ಪ್ರೊಸೆಸರ್‌ಗಳಲ್ಲಿ ಎಂಟನೇ ತಲೆಮಾರಿನಿಂದ ಈಚೆಗೆ ಮಾತ್ರ ಸರಿಯಾಗಿ ಸಿಗೋದು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ಅದೇ ಅಕ್ಟೋಬರ್ 14ಕ್ಕೆ ಮುಗಿದಿತ್ತು.

ಮೇಷ್ಟ್ರು ಗಣಿತದವರು ಅಂತ ಗೊತ್ತಾದ ಮೇಲೆ ಇನ್ನೊಂದು ಲೆಕ್ಕ ಬರೆದು ತೋರಿಸಿದೆ. ಇನ್‌ಕಮ್ ಟ್ಯಾಕ್ಸ್‌ನಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ 40% ಸವಕಳಿ. ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಕಳೆಯಬೇಕು. 72 ಸಾವಿರ ಒಂದು ವರ್ಷಕ್ಕೆ 43,200 ಆಗುತ್ತೆ. ಎರಡಕ್ಕೆ 25,920. ಐದು ವರ್ಷಕ್ಕೆ ಹತ್ತಿರ ಹತ್ತಿರ 5,600. ಕಂಪನಿಗಳು ಮೂರು ನಾಲ್ಕು ವರ್ಷಕ್ಕೇ ಲ್ಯಾಪ್‌ಟಾಪ್‌ಗಳನ್ನು ಲಾಟುಗಟ್ಟಲೆ ಹೊರಗೆ ಹಾಕುತ್ತವೆ. ಆ ಮಾಲೇ ನಮ್ಮ ರೋಡಿಗೆ ಬರೋದು. ಮನೆಯಲ್ಲಿ ಹನ್ನೊಂದು ವರ್ಷ ಜೋಪಾನ ಮಾಡಿದ ಲ್ಯಾಪ್‌ಟಾಪ್ ಆ ಮಾಲಿನ ಪಕ್ಕದಲ್ಲೇ ನಿಲ್ಲಬೇಕು.

"ಆದ್ರೆ ಆ್ಯಪ್‌ನಲ್ಲಿ ಇದೇ ಮಾಡೆಲ್‌ಗೆ 28 ಸಾವಿರ ಹಾಕಿದ್ದಾರಲ್ಲಪ್ಪಾ" ಅಂತ ಫೋನ್ ತೆಗೆದರು. ದಿನಕ್ಕೆ ನಾಲ್ಕು ಜನರಾದರೂ ಇದೇ ಮಾತು ಹೇಳುತ್ತಾರೆ. ಅದು ಕೇಳಿದ ಬೆಲೆ, ಮಾರಿದ ಬೆಲೆ ಅಲ್ಲ. ಸರಿಯಾದ ರೇಟು ಹಾಕಿದವರ ಮಾಲು ಎರಡು ದಿನದಲ್ಲಿ ಹೋಗುತ್ತೆ, ಜಾಹೀರಾತೂ ಹೋಗುತ್ತೆ. ಹೋಗದೇ ಇರೋದೇ ಅಲ್ಲಿ ಉಳಿದುಕೊಳ್ಳೋದು. ಅದನ್ನು ನೋಡಿ ಇನ್ನೊಬ್ಬರು ತಮ್ಮ ರೇಟು ಹಾಕುತ್ತಾರೆ. ಅವರದೂ ಅಲ್ಲೇ ಉಳಿಯುತ್ತೆ. ಮೇಷ್ಟ್ರು ತೋರಿಸಿದ ಜಾಹೀರಾತಿಗೆ ಎಂಟು ತಿಂಗಳಾಗಿತ್ತು.

ಈ ಹಠ ನನಗೆ ಹೊಸದಲ್ಲ, ನಾನೂ ಅದರೊಳಗೆ ಇದ್ದು ಬಂದವನು. 2022ರ ಶುರುವಿನಲ್ಲಿ ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಚಿನ್ನದ ಬೆಲೆ. ಕ್ರಿಪ್ಟೋ ಮೈನಿಂಗ್ ಮಾಡುವವರು, ಅಂದರೆ ಇಂಥ ಕಾರ್ಡ್‌ಗಳಲ್ಲಿ ಲೆಕ್ಕ ಓಡಿಸಿ ಡಿಜಿಟಲ್ ನಾಣ್ಯ ಗಳಿಸುವವರು, ಎಲ್ಲವನ್ನೂ ಬಾಚಿಕೊಳ್ಳುತ್ತಿದ್ದರು. ನನ್ನ ಸ್ವಂತ ದುಡ್ಡಿನಲ್ಲಿ ಆರು ಹಳೇ 1660 ಸೂಪರ್ ಕಾರ್ಡ್ ಕೊಂಡೆ, ಒಂದೊಂದಕ್ಕೆ 24 ಸಾವಿರ. ಬೇಸಿಗೆಯಲ್ಲೇ ರೇಟು ಇಳಿಯೋಕೆ ಶುರುವಾಯಿತು. ಒಬ್ಬ ಹುಡುಗ 19ಕ್ಕೆ ಕೇಳಿದ, ಕೊಡಲಿಲ್ಲ. ಹಾಕಿದ ದುಡ್ಡಾದರೂ ಬರಲಿ ಅಂತ ಕಾದೆ. ಸೆಪ್ಟೆಂಬರ್ 15ಕ್ಕೆ ಎಥೀರಿಯಂ ಅನ್ನುವ ದೊಡ್ಡ ಕ್ರಿಪ್ಟೋ ನಾಣ್ಯ ಮೈನಿಂಗ್ ಇಲ್ಲದ ವಿಧಾನಕ್ಕೆ ಬದಲಾಯಿತು. ಮೈನಿಂಗ್ ಕಾರ್ಡ್‌ಗಳೆಲ್ಲ ಒಟ್ಟಿಗೇ ಮಾರ್ಕೆಟ್ಟಿಗೆ ಬಿದ್ದವು. ಕೊನೆಗೆ 12, 11ಕ್ಕೆ ಕೊಟ್ಟು ಕೈ ತೊಳೆದುಕೊಂಡೆ. ಆ ನಾಲ್ಕೈದು ತಿಂಗಳು ಬೆಳಗ್ಗೆ ಅಂಗಡಿ ಬಾಗಿಲು ತೆಗೆದು ಆ ಪೆಟ್ಟಿಗೆಗಳನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತಿತ್ತು. ಹಾಗಾಗಿ ಬಿಲ್ ಹಿಡಿದು ಬಂದವರ ಮೇಲೆ ನನಗೆ ಸಿಟ್ಟು ಬರೋದಿಲ್ಲ.

ಸಿಟ್ಟು ಬರೋದು ಬೇರೆ ಕಡೆ. ಒಬ್ಬ ಅಕ್ಕ ಮಗಳ ಡಿಗ್ರಿಗೆ ಅಂತ ಬೇರೊಂದು ಅಂಗಡಿಯಲ್ಲಿ 26 ಸಾವಿರ ಕೊಟ್ಟು ಹಳೇ ಲ್ಯಾಪ್‌ಟಾಪ್ ತಂದಿದ್ದರು. ಐ7 ಅಂತ ಹೊಳೆಯುವ ಸ್ಟಿಕ್ಕರ್ ಇತ್ತು. ನಂಬರ್ ನೋಡಿದರೆ ಐದನೇ ತಲೆಮಾರು. ಅವರು ಮನೆಗೆಲಸ ಮಾಡಿ ಕೂಡಿಟ್ಟ ದುಡ್ಡು ಅದು. ಗೊತ್ತಿಲ್ಲದೆ ಜಾಸ್ತಿ ಕೇಳೋದಕ್ಕೂ ಗೊತ್ತಿದ್ದು ಜಾಸ್ತಿ ಕೇಳೋದಕ್ಕೂ ಅಜಗಜಾಂತರ. ಅವತ್ತಿನಿಂದ ನಾವು ಮಾರುವ ಪ್ರತಿ ಲ್ಯಾಪ್‌ಟಾಪ್ ಮೇಲೂ ಪ್ರೊಸೆಸರ್‌ನ ಪೂರ್ತಿ ನಂಬರ್ ಮತ್ತು ಬ್ಯಾಟರಿ ಎಷ್ಟು ಉಳಿದಿದೆ ಅಂತ ಚೀಟಿ ಅಂಟಿಸುತ್ತೇನೆ. ಓನರ್ ಮೊದಲು ಬೇಡ ಅಂದರು, ಆಮೇಲೆ ಸುಮ್ಮನಾದರು.

ಮೇಷ್ಟ್ರಿಗೆ 4,500 ಅಂದೆ. ಯಾವುದಕ್ಕೆ ಎಷ್ಟು ಅಂತ ಬಿಡಿಸಿ ಬರೆದುಕೊಟ್ಟೆ. ಸ್ಕ್ರೀನು, ರ್‍ಯಾಮು, ಕೀಬೋರ್ಡು, ಬಾಡಿ. ಚೀಟಿ ಮಡಚಿ ಜೇಬಲ್ಲಿಟ್ಟುಕೊಂಡು ಬೇರೆ ಅಂಗಡಿಗಳಿಗೂ ಹೋದರು. ಹೋಗಿ ವಿಚಾರಿಸಿ ಬನ್ನಿ ಅಂತ ನಾನೇ ಹೇಳಿದ್ದೆ. ನಾಲ್ಕು ಗಂಟೆ ಹೊತ್ತಿಗೆ ವಾಪಸ್ ಬಂದರು.

"ಮಗನ ಕಾಲೇಜಿನ ಫೋಟೋಗಳೆಲ್ಲ ಇದರಲ್ಲೇ ಇವೆ ಕಣಪ್ಪಾ" ಅಂದರು. ಹಾರ್ಡ್ ಡಿಸ್ಕ್ ಬಿಚ್ಚಿ, ಯು.ಎಸ್‌.ಬಿ. ಕೇಸಿಗೆ ಹಾಕಿ, ಫೋಟೋಗಳು ತೆರೆಯುತ್ತವಾ ಅಂತ ಒಂದೆರಡು ತೋರಿಸಿ ಅವರ ಕೈಗೇ ಕೊಟ್ಟೆ. ಬಿಲ್ಲಿನ ಜೆರಾಕ್ಸ್ ಮಾತ್ರ ನಾವು ಇಟ್ಟುಕೊಂಡೆವು. ಅಸಲನ್ನು ಅವರು ಡಿಸ್ಕಿನ ಜೊತೆ ಅದೇ ಪಂಚೆಯಲ್ಲಿ ಸುತ್ತಿಕೊಂಡು ಹೋದರು.