ಮನೆಯಲ್ಲೇ ಇದ್ದ ಮಗ

ಈ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಒಂದು ಕಾದಂಬರಿ ಓದಿದೆ. ಮನೆ ಬಿಟ್ಟುಹೋದ ಮಗಳು, ವರ್ಷಗಟ್ಟಲೆ ಮಾತಿಲ್ಲದ ಅಪ್ಪ, ಕೊನೆಗೆ ಬಾಗಿಲಲ್ಲಿ ಅಪ್ಪುಗೆ. ಕಣ್ಣಲ್ಲಿ ನೀರು ಬಂತು. ಆದರೆ ಅಷ್ಟೂ ವರ್ಷ ಆ ಅಪ್ಪನನ್ನು ನೋಡಿಕೊಂಡ ಅಕ್ಕ ಒಬ್ಬಳಿದ್ದಳು. ಕೊನೆಯ ಪುಟದಲ್ಲಿ ಅವಳ ಸುದ್ದಿಯೇ ಇಲ್ಲ.

ಯೇಸು ಹೇಳಿದ ಕಥೆಯಲ್ಲೂ ಕಿರಿಯ ಮಗ ತನ್ನ ಪಾಲು ಕೇಳಿ ಪಡೆದು ಮನೆ ಬಿಡುತ್ತಾನೆ, ಎಲ್ಲ ಕಳೆದುಕೊಂಡು ಮರಳಿದಾಗ ಅಪ್ಪ ಓಡಿಹೋಗಿ ಅಪ್ಪಿಕೊಳ್ಳುತ್ತಾನೆ. ಆದರೆ ಆ ಕಥೆ ಅಪ್ಪುಗೆಗೆ ನಿಲ್ಲುವುದಿಲ್ಲ. ಬೈಬಲ್‌ನ ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಕರು ಕೊಯ್ದು, ಹಾಡು ಕುಣಿತ ಶುರುವಾದ ಮೇಲೂ ಕಥೆ ಇದೆ. ಹೊಲದಿಂದ ಬರುವ ಅಣ್ಣನ ಕಥೆ.

ನನಗೆ ಆ ಅಣ್ಣನ ಪರಿಚಯ ಮಾಡಿಸಿದವರು ದೊಡ್ಡಮ್ಮ. ಮನೆಗೆ ಹಿರಿಯರು ಅವರೇ. ತಮ್ಮ ತಂಗಿಯರೆಲ್ಲ ಒಬ್ಬೊಬ್ಬರಾಗಿ ಹೊರಟರು, ಅಪ್ಪ ಅಮ್ಮನ ಜೊತೆ ಇವರು ಉಳಿದರು. ಸಂಜೆ ಬೈಬಲ್ ಓದುವಾಗ ಪ್ರತಿ ಸಾಲಿನ ಕೆಳಗೂ ಬೆರಳು ಸರಿಯುತ್ತಿತ್ತು. 29ನೇ ವಚನಕ್ಕೆ ಬಂದಾಗ ಬೆರಳು ನಿಲ್ಲುತ್ತಿತ್ತು. ಇಷ್ಟು ವರ್ಷ ದುಡಿದೆ, ಸ್ನೇಹಿತರ ಜೊತೆ ಸಂತೋಷಪಡಲು ನೀನು ನನಗೆ ಒಂದು ಆಡುಮರಿಯನ್ನೂ ಕೊಡಲಿಲ್ಲ ಎಂದು ಅಣ್ಣ ಹೇಳುವ ಜಾಗ ಅದು. ಆ ಸಾಲಿನ ಕೆಳಗೆ ಕಾಗದ ಸವೆದು, ಬೆರಳಿನ ಜಿಡ್ಡಿಗೆ ಕಂದು ಬಣ್ಣಕ್ಕೆ ತಿರುಗಿತ್ತು. "ಒಂದು ಆಡುಮರಿ ಕೇಳೋದು ತಪ್ಪಾ?" ಎನ್ನುತ್ತಿದ್ದರು. ಯಾರೂ ಉತ್ತರ ಕೊಡುತ್ತಿರಲಿಲ್ಲ. ಅವರು ಕೇಳಿದ್ದು ನಮ್ಮನ್ನಲ್ಲ ಎಂದು ನಮಗೂ ಗೊತ್ತಿತ್ತು.

ಅಣ್ಣನ ಸಿಟ್ಟಿನಲ್ಲಿ ನ್ಯಾಯ ಇಲ್ಲದಿಲ್ಲ. ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಚೊಚ್ಚಲ ಮಗನಿಗೆ ಎರಡು ಪಾಲು. ಅಂದರೆ ಇಬ್ಬರೇ ಮಕ್ಕಳಿರುವ ಮನೆಯಲ್ಲಿ ಕಿರಿಯನಿಗೆ ಮೂರನೇ ಒಂದು ಭಾಗ. ಅವನು ಅದನ್ನು ಮಾರಿ, ದೂರದೇಶದಲ್ಲಿ ಉಡಾಯಿಸಿ ಬಂದ. ಮನೆಯಲ್ಲಿ ಉಳಿದದ್ದೆಲ್ಲ ಮುಂದೆ ಅಣ್ಣನಿಗೇ ಸೇರಬೇಕು. "ನನ್ನದೆಲ್ಲಾ ನಿನ್ನದೇ" ಎಂದು ಅಪ್ಪ ಹೇಳಿದ್ದು ಬರೀ ಸಮಾಧಾನದ ಮಾತಲ್ಲ. ಹಾಗೆ ನೋಡಿದರೆ ತಮ್ಮನಿಗೆ ತೊಡಿಸಿದ ಅಂಗಿ, ಉಂಗುರ, ಕೊಬ್ಬಿದ ಕರು, ಎಲ್ಲವೂ ಅಣ್ಣನ ಪಾಲಿನಿಂದಲೇ ಹೋದವು. ಕ್ಷಮಿಸಿದ್ದು ಅಪ್ಪ, ಖರ್ಚು ಅಣ್ಣನದು. ಸಿಟ್ಟು ಬರದೆ ಇರುತ್ತದಾ?

ಆದರೂ ಅಪ್ಪ ಅವನನ್ನು ಬೈಯಲಿಲ್ಲ. ಆಳನ್ನು ಕಳಿಸಿ ಒಳಗೆ ಬಾ ಎಂದು ಅಪ್ಪಣೆಯನ್ನೂ ಮಾಡಲಿಲ್ಲ. ಔತಣ ಬಿಟ್ಟು ತಾನೇ ಹೊರಗೆ ಬಂದು ಬೇಡಿಕೊಂಡ. ಕಿರಿಯವನಿಗಾಗಿ ಓಡಿದ ಅಪ್ಪ ಎಲ್ಲರಿಗೂ ಗೊತ್ತು. ಹಿರಿಯವನಿಗಾಗಿ ಹೊರಗೆ ನಿಂತ ಅಪ್ಪನನ್ನು ನಾವು ಮರೆತೇ ಬಿಡುತ್ತೇವೆ. ಇದೇ ಅಧ್ಯಾಯದ ಇನ್ನೆರಡು ಕಥೆಗಳಲ್ಲಿ ಕುರಿ ಕಳೆದುಹೋಗುವುದು ಹೊರಗೆ, ನಾಣ್ಯ ಕಳೆದುಹೋಗುವುದು ಮನೆಯೊಳಗೆ. ಮನೆಯೊಳಗಿದ್ದೂ ಕಳೆದುಹೋಗಬಹುದು, ಅಲ್ವಾ? ಯೇಸು ಪಾಪಿಗಳ ಜೊತೆ ಊಟ ಮಾಡುತ್ತಾನೆ ಎಂದು ಗೊಣಗಿದ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯರೂ ಅದನ್ನು ಕಲಿಸುವ ಶಾಸ್ತ್ರಿಗಳೂ ಎದುರಿಗಿದ್ದಾಗ ಹೇಳಿದ ಕಥೆಗಳಿವು. ಮನೆ ಬಿಟ್ಟು ಎಲ್ಲಿಗೂ ಹೋಗದವರು ಅವರು.

ಈಗ ಚರ್ಚಿನ ಪ್ರಬೋಧನೆಗಳೂ ಜಾಸ್ತಿ ಕರು ಕೊಯ್ಯುವಲ್ಲಿಗೇ ಮುಗಿದುಬಿಡುತ್ತವೆ. ತಪಸ್ಸುಕಾಲದ ಭಾನುವಾರಕ್ಕೆ ಈ ಪಾಠ ಬರುವುದು ಮೂರು ವರ್ಷಕ್ಕೊಮ್ಮೆ. 2025ರಲ್ಲಿ ಬಂದಿತ್ತು, ಇನ್ನು 2028ಕ್ಕೆ. ಎರಡನೇ ವಾರದ ಶನಿವಾರ ಮಾತ್ರ ಪ್ರತಿ ವರ್ಷವೂ ಓದುತ್ತಾರೆ, ಆದರೆ ಶನಿವಾರದ ಪೂಜೆಗೆ ಬರುವವರು ಎಷ್ಟು ಜನ? ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಹಣೆಗೆ ಬೂದಿ, ಆಮೇಲೆ ನೇರ ಶುಭ ಶುಕ್ರವಾರ. ಗುರುಗಳ ಬಳಿ ಪಾಪನಿವೇದನೆಗೆ ಹೋದರೂ ಮಾಡಿದ ತಪ್ಪುಗಳನ್ನು ಹೇಳಿ ಬರುತ್ತೇವೆ. ಒಳಗೆ ಸಾಕಿಕೊಂಡ ಮುನಿಸಿನ ಮಾತು ಎತ್ತುವುದಿಲ್ಲ.

ದೊಡ್ಡಮ್ಮನ ಕಿರಿಯ ತಮ್ಮ, ನಮ್ಮ ಚಿಕ್ಕಮಾವ, ಕೊನೆಗೂ ಒಂದು ತಪಸ್ಸುಕಾಲದಲ್ಲಿ ಮನೆಗೆ ಬಂದರು. ದೊಡ್ಡಮ್ಮ ಓಡಿಹೋಗಿ ತಬ್ಬಿಕೊಳ್ಳಲಿಲ್ಲ. ಜಗಳ ತೆಗೆದರು, ಅದೂ ಸರಿಯಾಗಿಯೇ. ಅಪ್ಪನ ಕಾಯಿಲೆ, ಬಾರದ ಕಾಗದಗಳು, ಒಬ್ಬರೇ ನಿಭಾಯಿಸಿದ ಮಣ್ಣುಕಾರ್ಯ, ಎಲ್ಲ ಆಚೆ ಬಂತು. ಮಾವ ತಲೆ ತಗ್ಗಿಸಿ ಕೇಳಿಸಿಕೊಂಡರು. ಸುಸ್ತಾಗುವಷ್ಟು ಬೈದಾದ ಮೇಲೆ ದೊಡ್ಡಮ್ಮ, "ಈಸ್ಟರ್ ತನಕ ಇರ್ತೀಯೇನೋ?" ಎಂದು ಕೇಳಿದರು. ಮಾವ ಇದ್ದರು. ನಡುವೆ ಮತ್ತೊಂದಿಷ್ಟು ಜಗಳವೂ ಆಯಿತು.