ಕಾಫಿ ನಾಡಲ್ಲಿ ಹಲ್ಲಿಗೆ ತಂತಿ

ನಮ್ಮ ಮನೆಯಲ್ಲಿ ಈಗ ಇಬ್ಬರ ಹಲ್ಲಿಗೆ ತಂತಿ. ಒಬ್ಬಳು ಏಳನೇ ಕ್ಲಾಸಿನ ಮಗಳು, ಇನ್ನೊಬ್ಬಳು 40 ದಾಟಿದ ನಾನು. ಹಲ್ಲಿನ ಡಾಕ್ಟರ ಹತ್ತಿರ ವಿರಾಜಪೇಟೆಗೆ ಜೋಡಿ ಸವಾರಿ.

"ಈ ವಯಸ್ಸಲ್ಲಿ ಇದೆಲ್ಲಾ ಬೇಕಿತ್ತಾ?" ಅಂತ ಕೇಳುವವರೇ ಜಾಸ್ತಿ. ಹಲ್ಲಿಗೇನು ವಯಸ್ಸು ಗೊತ್ತಾಗುತ್ತಾ? ತಂತಿಯ ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ, ಹಲ್ಲು ಬಿಟ್ಟು ಬಂದ ಕಡೆ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಹಲ್ಲು ಸರಿಯುವುದು ಹೀಗೆ. 13ಕ್ಕೂ ಇದೇ, 60ಕ್ಕೂ ಇದೇ. ವಸಡು, ಮೂಳೆ ಚೆನ್ನಾಗಿರಬೇಕು ಅಷ್ಟೇ. ದವಡೆಯ ಕಥೆ ಮಾತ್ರ ಬೇರೆ. ಮಗಳದು ಇನ್ನೂ ಬೆಳೆಯುತ್ತಿದೆ, ಸ್ವಲ್ಪ ತಿದ್ದಬಹುದು. ದೊಡ್ಡವರಲ್ಲಿ ದವಡೆಯೇ ತುಂಬಾ ಹಿಂದೆಮುಂದೆ ಇದ್ದರೆ ಅದನ್ನು ಸರಿಮಾಡಲು ಆಪರೇಷನ್ನೇ ಬೇಕಾಗುತ್ತದೆ. ಅದಕ್ಕೇ ಮಕ್ಕಳನ್ನು 7 ವರ್ಷದೊಳಗೆ ಒಮ್ಮೆ ತೋರಿಸಿ ಅನ್ನುತ್ತದೆ ಅಮೆರಿಕದ ಆರ್ಥೊಡಾಂಟಿಸ್ಟ್‌ಗಳ, ಅಂದರೆ ಹಲ್ಲು ಸಾಲು ಸರಿಮಾಡುವ ಡಾಕ್ಟರುಗಳ, ಸಂಘ. ತೋರಿಸಿದವರಿಗೆಲ್ಲ ಆಗಲೇ ತಂತಿ ಹಾಕುತ್ತಾರೆ ಅಂತಲ್ಲ.

ಎದ್ದು ಕಾಣದಿರಲಿ ಅಂತ ನಾನು ಸೆರಾಮಿಕ್ ಹಾಕಿಸಿಕೊಂಡೆ. ಬ್ರಾಕೆಟ್, ಅಂದರೆ ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಬಿಲ್ಲೆ, ಬೆಳ್ಳಗೇ ಇದೆ. ಸುತ್ತಲಿನ ಸಣ್ಣ ರಬ್ಬರ್ ಮಾತ್ರ ಕಾಫಿಗೂ ಅರಿಶಿನಕ್ಕೂ ಹಳದಿಯಾಗಿ ಕೂತಿದೆ. ಕೊಡಗಲ್ಲಿದ್ದು ಕಾಫಿ ಬಿಡೋಕಾಗುತ್ತಾ ಹೇಳಿ! ಮಗಳು ಜಾಣೆ, ಮೆಟಲ್ ಬ್ರಾಕೆಟ್‌ಗೆ ನೇರಳೆ ರಬ್ಬರ್ ಆರಿಸಿಕೊಂಡಳು. ನಮ್ಮ ಅಕ್ಕಿ ತಿಂಡಿಗಳಾದ ಕಡಂಬುಟ್ಟು, ನೂಪುಟ್ಟು ಮೆತ್ತಗಿರುತ್ತವೆ, ತೊಂದರೆಯಿಲ್ಲ. ಪಂದಿಕರಿಯ ಎಲುಬು ಕಡಿಯುವಂತಿಲ್ಲ ಅನ್ನೋದೇ ಅವಳ ದೊಡ್ಡ ದುಃಖ.

ತಂತಿ ಬಿಚ್ಚಿದ ಮೇಲೂ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ರಿಟೇನರ್ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಹಲ್ಲುಗಳು ಹಳೇ ಜಾಗಕ್ಕೆ ಹೊರಡುತ್ತವೆ. ಅದನ್ನು ಮಗಳಿಗೆ ಡಾಕ್ಟರೇ ಹೇಳಲಿ ಅಂತ ನಾನು ಸುಮ್ನಿದ್ದೇನೆ.